ಬೆನ್ನುಮೂಳೆ ಸವೆದಾಗ ನೋಯುವುದು ಯಾವುದು? ಕೈರೋಪ್ರಾಕ್ಟರ್ ‘ಲಟಕ್’ ಅನ್ನಿಸಿದಾಗ ಆಗುವುದೇನು?

ಎಂಆರ್‌ಐ ರಿಪೋರ್ಟು ಕೈಗೆ ಬಂದ ಕೂಡಲೇ ಹೆಚ್ಚಿನವರು ನೋಡುವುದು ಕೊನೆಯ ನಾಲ್ಕು ಸಾಲು. ‘ಎಲ್4-ಎಲ್5 ಡಿಸ್ಕ್ ಡೆಸಿಕೇಶನ್’, ‘ಡಿಫ್ಯೂಸ್ ಬಲ್ಜ್’, ‘ಫ್ಯಾಸೆಟ್ ಆರ್ತ್ರೋಪತಿ’, ಕಡೆಗೆ ‘ಡಿಜೆನರೇಟಿವ್ ಚೇಂಜಸ್’. ಪದಗಳು ಅರ್ಥವಾಗದಿದ್ದರೂ ಭಯ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ. ಹಿಂದಿನ ದಿನದವರೆಗೆ ಬರೀ ಸೊಂಟನೋವಿದ್ದ ಮನುಷ್ಯ ಅಂದಿನಿಂದ ‘ಬೆನ್ನುಮೂಳೆ ಸವೆದವನು’ ಆಗಿಬಿಡುತ್ತಾನೆ. ಬಗ್ಗಲು ಅಂಜಿಕೆ, ತುಂಬಿದ ಬಕೆಟ್ ಎತ್ತಲು ಅಂಜಿಕೆ, ಸೀನು ಬಂದರೂ ಗೋಡೆ ಹಿಡಿದುಕೊಳ್ಳುವುದು. ಪರಿಚಯದವರು ಇಂಥ ರಿಪೋರ್ಟಿನ ಫೋಟೋ ಕಳಿಸಿ ನನ್ನನ್ನು ಕೇಳುವ ಪ್ರಶ್ನೆ ಎರಡೇ: ‘ಸವೆದದ್ದು ಮತ್ತೆ ಬೆಳೆಯುತ್ತದಾ?’ ‘ಕೈರೋಪ್ರಾಕ್ಟರ್ ಹತ್ತಿರ ಹೋದರೆ ಸರಿ ಮಾಡುತ್ತಾರಾ?’

ಮೊದಲನೆಯದಕ್ಕೆ ಉತ್ತರ, ಇಲ್ಲ. ಎರಡನೆಯದಕ್ಕೆ ಉತ್ತರ ಕೊಡುವ ಮೊದಲು ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕು. ಸವೆತ ಮತ್ತು ನೋವು ನೆಂಟರು ಹೌದು, ಆದರೆ ಒಂದು ಬಂದಲ್ಲಿ ಇನ್ನೊಂದು ಬರಲೇಬೇಕೆಂದೇನೂ ಇಲ್ಲ. ಕೈರೋಪ್ರಾಕ್ಟರ್, ಅಂದರೆ ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ಚಿಕಿತ್ಸೆ ಮಾಡುವವರು, ಏನಾದರೂ ಮಾಡುವುದಿದ್ದರೆ ಅದು ನೋವಿಗೆ. ಸವೆತ ಇದ್ದಲ್ಲೇ ಇರುತ್ತದೆ.

ಒಣಗುವುದು ಎಂದರೆ ಏನು

ಬೆನ್ನುಮೂಳೆ ಒಂದೇ ಮೂಳೆಯಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಒಂದರ ಮೇಲೊಂದು ಕೂತ 24 ಕಶೇರುಕಗಳು ಅಲುಗಾಡುತ್ತವೆ. ಅವುಗಳ ಕೆಳಗಿನವು ಬೆಸೆದುಕೊಂಡಿವೆ. ಮೂಳೆಗಳ ನಡುವೆ ಒಟ್ಟು 23 ಡಿಸ್ಕ್. ಹಿಂಬದಿಯಲ್ಲಿ ಎರಡೆರಡು ಪುಟ್ಟ ಕೀಲುಗಳು, ಅವೇ ಫ್ಯಾಸೆಟ್ ಕೀಲುಗಳು. ಮೊಣಕಾಲಿನಲ್ಲಿರುವಂತೆ ಇಲ್ಲಿಯೂ ಮೃದ್ವಸ್ಥಿ, ಕೀಲುದ್ರವ ಎಲ್ಲ ಉಂಟು. ಹೀಗಾಗಿ ಮೊಣಕಾಲಿಗೆ ಬರುವ ಸಂಧಿವಾತ ಇವಕ್ಕೂ ಬರುತ್ತದೆ.

ಡಿಸ್ಕಿನ ಹೊರಭಾಗ ಪ್ಲೈವುಡ್ಡಿನ ಹಾಗೆ. ಹದಿನೈದರಿಂದ ಇಪ್ಪತ್ತೈದು ಪದರ ನಾರು. ಒಂದು ಪದರದ ಎಳೆಗಳು ಬಲಕ್ಕೆ ಓರೆಯಾಗಿದ್ದರೆ ಮುಂದಿನದರವು ಎಡಕ್ಕೆ. ಯಾವ ಕಡೆ ತಿರುಚಿದರೂ ಯಾವುದೋ ಒಂದಷ್ಟು ಎಳೆಗಳು ಬಿಗಿದು ತಡೆಯುತ್ತವೆ. ನಡುವೆ ಲೋಳೆಯಂಥ ತಿರುಳು. ಅದರಲ್ಲಿ ಅಗ್ರೆಕಾನ್ ಎಂಬ ದೊಡ್ಡ ಅಣುಗಳಿದ್ದು, ನೀರನ್ನು ಎಳೆದು ಹಿಡಿದಿಟ್ಟುಕೊಳ್ಳುವುದೇ ಅವುಗಳ ಕೆಲಸ. ಎಳೆಯ ವಯಸ್ಸಿನಲ್ಲಿ ತಿರುಳಿನ ಶೇ. 80ಕ್ಕೂ ಹೆಚ್ಚು ಭಾಗ ನೀರೇ. ಗಾಳಿ ತುಂಬಿದ ಟೈರು ಭಾರ ಹೊರುವಂತೆ ನೀರು ತುಂಬಿದ ಡಿಸ್ಕ್ ಭಾರ ಹೊರುತ್ತದೆ.

ಈ ನೀರು ನಿಂತ ನೀರಲ್ಲ. ಹಗಲೆಲ್ಲ ನಾವು ನಿಂತು, ಕೂತು, ಓಡಾಡುವಾಗ ಸ್ವಲ್ಪ ಸ್ವಲ್ಪವೇ ಹಿಂಡಿ ಹೊರಹೋಗುತ್ತದೆ. ರಾತ್ರಿ ಮಲಗಿದಾಗ ಡಿಸ್ಕ್ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ನಾವು ಹಿಂದಿನ ಸಂಜೆಗಿಂತ ಒಂದೆರಡು ಸೆಂಟಿಮೀಟರು ಎತ್ತರ. ಭಾರವೇ ಇಲ್ಲದ ಬಾಹ್ಯಾಕಾಶಕ್ಕೆ ಹೋದವರು ಕೆಲವೊಮ್ಮೆ ಐದು ಸೆಂಟಿಮೀಟರಿನಷ್ಟು ಉದ್ದವಾಗುತ್ತಾರೆ. ಡಿಸ್ಕ್ ತುಂಬಿಕೊಂಡರೆ ಬೆನ್ನು ಹಾಯಾಗಿರಬೇಕಲ್ಲವೇ ಎಂದುಕೊಂಡರೆ ಅದೂ ಸುಳ್ಳು: ಬಾಹ್ಯಾಕಾಶಕ್ಕೆ ಹೋದ ಮೊದಲ ದಿನಗಳಲ್ಲಿ ಅವರಲ್ಲಿ ಅನೇಕರು ಸೊಂಟನೋವು ಎಂದು ಗೊಣಗುತ್ತಾರೆ.

ಡಿಸ್ಕಿನ ಒಳಗೆ ರಕ್ತನಾಳಗಳಿಲ್ಲ. ರಕ್ತನಾಳವಿಲ್ಲದ ದೇಹದ ರಚನೆಗಳಲ್ಲಿ ಇದೇ ದೊಡ್ಡದು. ಮೇಲೆ ಕೆಳಗೆ ಇರುವ ಮೃದ್ವಸ್ಥಿಯ ತೆಳುವಾದ ಹಲಗೆಗಳ ಮೂಲಕ ಆಹಾರ, ಆಮ್ಲಜನಕ ಜಿನುಗಿ ಬರಬೇಕು, ಕಸವೂ ಹಾಗೇ ಜಿನುಗಿ ಹೋಗಬೇಕು. ವಯಸ್ಸಾದಂತೆ ಆ ಹಲಗೆಗಳು ಗಡಸಾಗುತ್ತವೆ, ಒಳಗಿನ ಕೋಶಗಳು ಸೊರಗುತ್ತವೆ, ಅಗ್ರೆಕಾನ್ ಒಡೆಯುತ್ತದೆ, ನೀರು ನಿಲ್ಲುವುದಿಲ್ಲ. ಎಂಆರ್‌ಐನಲ್ಲಿ ಬೆಳ್ಳಗೆ ಕಾಣುತ್ತಿದ್ದ ತಿರುಳು ಕಪ್ಪಾಗುತ್ತದೆ. ರಿಪೋರ್ಟಿನಲ್ಲಿ ಬರೆದ ಡೆಸಿಕೇಶನ್ ಇದೇ, ಒಣಗುವಿಕೆ. ತಲೆಗೂದಲು ನರೆಯುವುದಕ್ಕೂ ಇದಕ್ಕೂ ಸ್ವಭಾವದಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ನೀರು ಹೋದ ಡಿಸ್ಕ್ ತಗ್ಗುತ್ತದೆ. ಆಗ ಹಿಂದಿನ ಫ್ಯಾಸೆಟ್ ಕೀಲುಗಳ ಮೇಲೆ ಭಾರ ಹೆಚ್ಚುತ್ತದೆ, ಅವುಗಳ ಮೃದ್ವಸ್ಥಿ ತೆಳುವಾಗುತ್ತದೆ. ಸಡಿಲಾದದ್ದನ್ನು ಬಿಗಿಮಾಡಲೋ ಎಂಬಂತೆ ದೇಹ ಮೂಳೆಯ ಅಂಚಿನಲ್ಲಿ ಮುಳ್ಳುಮುಳ್ಳಾಗಿ ಹೊಸ ಮೂಳೆ ಬೆಳೆಸುತ್ತದೆ. ಒಳಗಿನ ಅಸ್ಥಿರಜ್ಜು ದಪ್ಪವಾಗುತ್ತದೆ. ನರ ಹೊರಬರುವ ಕಿಂಡಿ ಕಿರಿದಾಗುತ್ತದೆ. ಇದೆಲ್ಲ ಹತ್ತಾರು ವರ್ಷ ನಡೆಯುವ ಕೆಲಸ.

‘ನಾನು ಭಾರ ಹೊತ್ತೇ ಸವೆಸಿಕೊಂಡೆ’ ಎನ್ನುವವರು ಬಹಳ ಜನ. ಫಿನ್‌ಲ್ಯಾಂಡಿನ ಅವಳಿಗಳನ್ನು ಇಟ್ಟುಕೊಂಡು ನಡೆದ ಒಂದು ದೀರ್ಘ ಅಧ್ಯಯನ ಈ ನಂಬಿಕೆಯನ್ನು ಸಾಕಷ್ಟು ಅಲುಗಾಡಿಸಿತು. ಜೀವನವಿಡೀ ಬೇರೆ ಬೇರೆ ಬಗೆಯ ಕೆಲಸ ಮಾಡಿದ ಅವಳಿಗಳ ಬೆನ್ನುಗಳನ್ನು ಹೋಲಿಸಿದಾಗ ಕೆಲಸದ ಭಾರದ ಪಾಲು ಚಿಕ್ಕದಾಗಿ, ಹುಟ್ಟಿನಿಂದ ಬಂದದ್ದರ ಪಾಲು ದೊಡ್ಡದಾಗಿ ಕಂಡಿತು. ಧೂಮಪಾನ, ಬೊಜ್ಜು ಇವುಗಳ ಕೈವಾಡವೂ ಉಂಟು. ಆದರೆ ಎಂದೋ ಎತ್ತಿದ ಒಂದು ಮೂಟೆಯ ಮೇಲೆ ಇಡೀ ಆರೋಪ ಹೊರಿಸುವುದು ನ್ಯಾಯವಲ್ಲ.

ಚಿತ್ರ ಒಂದು ಹೇಳುತ್ತದೆ, ಬೆನ್ನು ಇನ್ನೊಂದು

1994ರಲ್ಲಿ ಬೆನ್ನುನೋವೇ ಇಲ್ಲದ 98 ಜನರ ಸೊಂಟದ ಎಂಆರ್‌ಐ ತೆಗೆದು ಪ್ರಕಟಿಸಿದರು. ಅವರಲ್ಲಿ ಶೇ. 52 ಜನರಿಗೆ ಎಲ್ಲೋ ಒಂದು ಡಿಸ್ಕ್ ಉಬ್ಬಿತ್ತು. ಶೇ. 27 ಜನರಿಗೆ ಹೊರಚಾಚಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇ. 36 ಮಾತ್ರ. 2015ರಲ್ಲಿ ಇಂಥ 33 ಅಧ್ಯಯನಗಳನ್ನು, ಅಂದರೆ ನೋವಿಲ್ಲದ 3,110 ಜನರ ಚಿತ್ರಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಇಪ್ಪತ್ತರ ಆಸುಪಾಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ ಇತ್ತು, ಎಂಬತ್ತರವರಲ್ಲಿ ಶೇ. 96. ಮತ್ತೊಮ್ಮೆ ಹೇಳುತ್ತೇನೆ, ಇವರಲ್ಲಿ ಯಾರಿಗೂ ನೋವಿರಲಿಲ್ಲ.

ಹಾಗೆಂದು ರಿಪೋರ್ಟನ್ನು ಕಸದಬುಟ್ಟಿಗೆ ಹಾಕಿ ಎನ್ನುತ್ತಿಲ್ಲ. ನೋವಿರುವವರಲ್ಲಿ ಇಂಥ ಬದಲಾವಣೆ ಕಾಣುವುದು ಇನ್ನೂ ಹೆಚ್ಚು. ಆದರೆ ಚಿತ್ರವೊಂದನ್ನೇ ನೋಡಿ ‘ಇಗೋ ಇಲ್ಲೇ ನೋಯುತ್ತಿದೆ’ ಎಂದು ಬೆರಳಿಟ್ಟು ತೋರಿಸುವವರ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿದರೆ ಸಾಕು.

ಹಾಗಾದರೆ ನೋಯುವುದು ಯಾವುದು?

ನೋಯಬೇಕಾದರೆ ನರ ಬೇಕು. ಆರೋಗ್ಯವಾದ ಡಿಸ್ಕಿನ ತಿರುಳಿಗೆ ನರವಿಲ್ಲ, ಹೊರಗಿನ ಕೆಲವು ಪದರಗಳಿಗೆ ಮಾತ್ರ ಇದೆ. ಡಿಸ್ಕ್ ಸವೆದು ಪದರಗಳಲ್ಲಿ ಬಿರುಕು ಬಿಟ್ಟಾಗ ಆ ಬಿರುಕಿನ ಗುಂಟ ಹೊಸ ರಕ್ತನಾಳ, ಅದರ ಜೊತೆಗೆ ನೋವಿನ ನರದ ಎಳೆಗಳು ಒಳಕ್ಕೆ ಇಳಿಯುತ್ತವೆ. ಹಳೆಯ ಗೋಡೆಯ ಸೀಳಿನಲ್ಲಿ ಬೇರು ಹೊಕ್ಕಂತೆ. ಎಂದೂ ನೋವೇ ಗೊತ್ತಿರದ ಜಾಗಕ್ಕೆ ನೋವು ಗೊತ್ತಾಗಲು ಶುರುವಾಗುತ್ತದೆ. ಈ ಬಗೆಯ ನೋವು ಆಳದಲ್ಲಿ, ಸೊಂಟದ ನಡುಮಧ್ಯದಲ್ಲಿ. ಬಗ್ಗಿದರೆ, ಬಹಳ ಹೊತ್ತು ಕೂತರೆ ಹೆಚ್ಚು.

ಫ್ಯಾಸೆಟ್ ಕೀಲಿನ ನೋವಿನ ಗುಣ ಬೇರೆ. ಬೆಳಿಗ್ಗೆ ಬಿಗಿತ, ಹಿಂದಕ್ಕೆ ಬಾಗಿದರೆ ಅಥವಾ ಒಂದು ಬದಿಗೆ ತಿರುಗಿದರೆ ಚಳಕು. ಪೃಷ್ಠ, ತೊಡೆಯವರೆಗೆ ಇಳಿಯಬಹುದು. ಮೊಣಕಾಲು ದಾಟಿ ಹೋಗುವುದು ಅಪರೂಪ.

ಮೊಣಕಾಲು ದಾಟಿ ಪಾದದವರೆಗೆ ಕರೆಂಟು ಹೊಡೆದಂತೆ ಎಳೆದರೆ, ಕೆಮ್ಮಿದರೆ, ಸೀನಿದರೆ ಜುಮ್ಮೆಂದರೆ, ಅದು ನರದ ಬೇರಿನದು. ಜನ ಸಯಾಟಿಕಾ ಎನ್ನುವುದು ಇದಕ್ಕೆ. ಡಿಸ್ಕಿನಿಂದ ಹೊರಬಂದ ತಿರುಳೇ ಇದಕ್ಕೆ ಕಾರಣವಾಗಬಲ್ಲದು ಎಂಬುದನ್ನು 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು ತೋರಿಸಿದರು. ಅಂದಿನಿಂದ ‘ನರ ಒತ್ತಿದೆ’ ಎಂಬ ಮಾತು ಎಲ್ಲರ ಬಾಯಲ್ಲಿ. ಆದರೆ ಒತ್ತಡ ಅರ್ಧ ಕಥೆ. ಬರೀ ಒತ್ತಿದ ನರ ಜೋಮು ಹಿಡಿಯುತ್ತದೆ, ಮರಗಟ್ಟುತ್ತದೆ. ಕಾಲು ಮಡಚಿ ಬಹಳ ಹೊತ್ತು ಕೂತಾಗ ಆಗುವಂತೆ. ನೋಯಬೇಕಾದರೆ ಅದು ಉರಿಗೊಂಡಿರಬೇಕು. ಸೋರಿದ ತಿರುಳಿನಲ್ಲಿರುವ ರಾಸಾಯನಿಕಗಳು ಈ ಉರಿಯೂತ ಎಬ್ಬಿಸುತ್ತವೆ. ಸಮಾಧಾನದ ಸಂಗತಿ ಎಂದರೆ, ಆ ಉರಿಯೂತದ ಜೊತೆ ಬರುವ ಬಿಳಿ ರಕ್ತಕಣಗಳೇ ಸೋರಿದ ತುಣುಕನ್ನು ತಿಂದು ಕರಗಿಸುತ್ತವೆ. ಪೂರ್ತಿ ಕಳಚಿ ಹೊರಬಿದ್ದ ದೊಡ್ಡ ತುಣುಕು, ನೋಡಲು ಅತಿ ಭಯಂಕರವಾದದ್ದು, ಹಲವು ಸಲ ಸಣ್ಣ ಉಬ್ಬಿಗಿಂತ ಬೇಗ ಕರಗುತ್ತದೆ. ಸಯಾಟಿಕಾ ಬಂದ ಬಹುಪಾಲು ಜನ ಕೆಲವು ವಾರ, ತಿಂಗಳುಗಳಲ್ಲಿ ಆಪರೇಷನ್ ಇಲ್ಲದೆ ಚೇತರಿಸಿಕೊಳ್ಳುವ ಗುಟ್ಟು ಇದು. ಆ ಹೊತ್ತಿನಲ್ಲಿ ಯಾರ ಕೈಚಳಕ ನಡೆಯುತ್ತಿರುತ್ತದೋ ಹೆಸರು ಅವರಿಗೆ ಹೋಗುತ್ತದೆ ಎಂಬುದು ಬೇರೆ ಮಾತು.

ವಯಸ್ಸಾದವರಲ್ಲಿ ಕಾಣುವ ಇನ್ನೊಂದು ಬಗೆ, ನರಗಳ ಕಾಲುವೆಯೇ ಕಿರಿದಾಗುವುದು. ನಾಲ್ಕು ಹೆಜ್ಜೆ ನಡೆದರೆ ಕಾಲು ಭಾರ, ಕೂತರೆ ಹಗುರ. ಮುಂದಕ್ಕೆ ಬಾಗಿ ತಳ್ಳುಗಾಡಿಯ ಮೇಲೆ ಕೈಯೂರಿದರೆ ಎಷ್ಟು ದೂರ ಬೇಕಾದರೂ ನಡೆದಾರು. ಬಾಗಿದಾಗ ಕಾಲುವೆ ತುಸು ಅಗಲವಾಗುತ್ತದೆ, ಅಷ್ಟೇ.

ಇವೆಲ್ಲದರ ಸುತ್ತ ಸ್ನಾಯುಗಳ ಕಾವಲು. ನೋವಿನ ಸುಳಿವು ಸಿಕ್ಕ ಕೂಡಲೇ ಬೆನ್ನಿನ ಸ್ನಾಯುಗಳು ಹಲಗೆಯಂತೆ ಬಿಗಿಯುತ್ತವೆ. ಬಿಗಿದದ್ದೇ ಮತ್ತೆ ನೋಯುತ್ತದೆ. ಮೂರು ತಿಂಗಳು ದಾಟಿದ ನೋವಿನಲ್ಲಿ ಬೆನ್ನುಹುರಿ ಮತ್ತು ಮಿದುಳು ಕೂಡ ಅತಿ ಎಚ್ಚರದ ಕಾವಲುಗಾರರಾಗಿರುತ್ತವೆ, ಎಲೆ ಅಲುಗಿದರೂ ಕಳ್ಳ ಬಂದ ಎಂದು ಕೂಗುತ್ತವೆ. ನಿದ್ದೆಗೇಡು, ಚಿಂತೆ, ‘ನನ್ನ ಮೂಳೆ ಸವೆದಿದೆ’ ಎಂಬ ಹೆದರಿಕೆ, ಮೂರೂ ಆ ಕೂಗಿನ ದನಿ ಏರಿಸುತ್ತವೆ. ರಿಪೋರ್ಟಿನ ಭಾಷೆಯ ಬಗ್ಗೆ ನನಗಿರುವ ಸಿಟ್ಟಿಗೆ ಕಾರಣ ಇದೇ.

ಕೈರೋಪ್ರಾಕ್ಟರ್ ಕೈಯಲ್ಲಿ

ಈ ವಿದ್ಯೆಯ ಹುಟ್ಟು ವಿಚಿತ್ರವಾದದ್ದು. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಎಂಬಾತ, ಅಯಸ್ಕಾಂತ ಚಿಕಿತ್ಸೆ ಎಂದು ಹೇಳಿಕೊಂಡು ಕೈಯಿಂದ ರೋಗ ನೀವುತ್ತಿದ್ದವನು, ತನ್ನ ಕಟ್ಟಡದ ಜಾಡಮಾಲಿ ಹಾರ್ವಿ ಲಿಲ್ಲಾರ್ಡನ ಬೆನ್ನಿನ ಒಂದು ಮೂಳೆಯನ್ನು ಒತ್ತಿ ಅವನ ಕಿವುಡು ಬಿಡಿಸಿದೆ ಎಂದು ಹೇಳಿಕೊಂಡ. ಕಿವಿಯ ನರ ತಲೆಬುರುಡೆಯೊಳಗೇ ಮಿದುಳು ಸೇರುತ್ತದೆ, ಬೆನ್ನಿನ ದಾರಿ ತುಳಿಯುವುದೇ ಇಲ್ಲ. ಆದರೂ ಪಾಮರ್ ಇದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದ: ಮೂಳೆಗಳು ಜಾಗ ತಪ್ಪುತ್ತವೆ, ನರವನ್ನು ತಡೆಯುತ್ತವೆ, ಹೆಚ್ಚಿನ ರೋಗಗಳಿಗೆಲ್ಲ ಅದೇ ಮೂಲ. ಈ ‘ಜಾಗ ತಪ್ಪಿಕೆ’ಯನ್ನು ಸಬ್‌ಲಕ್ಸೇಶನ್ ಎಂದು ಕರೆದರು. ಇಂದು ಕೈರೋಪ್ರಾಕ್ಟರ್‌ಗಳಲ್ಲೇ ಎರಡು ಪಂಗಡ. ಆ ಹಳೆಯ ಮಂತ್ರವನ್ನು ಬಿಡದವರು ಒಂದು ಕಡೆ. ಬೆನ್ನು, ಕುತ್ತಿಗೆ ನೋವಿಗೆ ಕೈಚಿಕಿತ್ಸೆ, ವ್ಯಾಯಾಮ, ತಿಳಿವಳಿಕೆ ಎಂದು ತಮ್ಮ ಕೆಲಸದ ಗಡಿ ಗುರುತಿಸಿಕೊಂಡವರು ಇನ್ನೊಂದು ಕಡೆ.

ಸೊಂಟಕ್ಕೆ ಮಾಡುವ ಸಾಮಾನ್ಯ ಕ್ರಮ ಹೀಗೆ. ನಿಮ್ಮನ್ನು ಒಂದು ಮಗ್ಗುಲಿಗೆ ಮಲಗಿಸುತ್ತಾರೆ. ಕೆಳಗಿನ ಕಾಲು ನೀಳ; ಮೇಲಿನ ಮೊಣಕಾಲು ಮಡಚಿ, ಪಾದವನ್ನು ಕೆಳಗಿನ ಮಂಡಿಯ ಹಿಂದೆ ಸಿಕ್ಕಿಸುತ್ತಾರೆ. ಭುಜವನ್ನು ನಿಧಾನ ಹಿಂದಕ್ಕೂ ಸೊಂಟವನ್ನು ಮುಂದಕ್ಕೂ ಹೊರಳಿಸುತ್ತಾರೆ. ಹಗ್ಗದ ಸಡಿಲು ತೆಗೆದಂತೆ ಕೀಲು ಬಿಗಿಯಾಗುವ ತನಕ ಕಾಯುತ್ತಾರೆ, ಉಸಿರು ಬಿಡಿ ಎನ್ನುತ್ತಾರೆ. ಆಮೇಲೆ ಒಂದು ಪುಟ್ಟ ತಳ್ಳು. ದೂರ ಕಡಿಮೆ, ವೇಗ ಹೆಚ್ಚು. ಸೆಕೆಂಡಿನ ಒಂದು ಚಿಕ್ಕ ಪಾಲಿನಲ್ಲಿ ಮುಗಿಯುತ್ತದೆ, ಬಿಗಿಹಿಡಿಯಲು ನಿಮಗೆ ಸಮಯವೇ ಸಿಗುವುದಿಲ್ಲ. ‘ಲಟಕ್’.

ಆ ಸದ್ದು ಕೇಳಿ ಮೂಳೆ ಜಾಗಕ್ಕೆ ಕೂತಿತು ಎಂದುಕೊಳ್ಳುತ್ತೇವೆ. ಕೂರಲಿಲ್ಲ. ಅದು ಬೆರಳಿನ ನೆಟಿಗೆ ಮುರಿದಾಗ ಬರುವ ಸದ್ದೇ. ಕೀಲಿನ ಎರಡು ಮೈಗಳು ತಟಕ್ಕನೆ ದೂರ ಸರಿದಾಗ ಒತ್ತಡ ಕುಸಿದು ಕೀಲುದ್ರವದಲ್ಲಿ ಅನಿಲದ ಗುಳ್ಳೆ ಮೂಡುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳೊಂದನ್ನು ಎಂಆರ್‌ಐ ಯಂತ್ರದೊಳಗೆ ಎಳೆದು, ಸದ್ದಾದ ಗಳಿಗೆಯಲ್ಲೇ ಗುಳ್ಳೆ ಮೂಡುವುದನ್ನು ಚಿತ್ರೀಕರಿಸಿದರು. ನೆಟಿಗೆ ಮುರಿದರೆ ಕೀಲು ಸವೆಯುತ್ತದೆ ಎಂದು ಚಿಕ್ಕಂದಿನಲ್ಲಿ ಬೈಸಿಕೊಂಡವರಿಗೆ ಒಂದು ಖುಷಿಯ ಸುದ್ದಿ: ಡೊನಾಲ್ಡ್ ಉಂಗರ್ ಎಂಬ ಅಮೆರಿಕದ ವೈದ್ಯ ಅರವತ್ತು ವರ್ಷ ಒಂದೇ ಕೈಯ ನೆಟಿಗೆ ಮುರಿದು, ಇನ್ನೊಂದನ್ನು ಬಿಟ್ಟು, ಎರಡರಲ್ಲೂ ಸಂಧಿವಾತ ಬಂದಿಲ್ಲವೆಂದು ತೋರಿಸಿ 2009ರಲ್ಲಿ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ, ಗಿಟ್ಟಿಸಿಕೊಂಡರು. ಒಬ್ಬನೇ ಮನುಷ್ಯನ ಪ್ರಯೋಗ, ಇರಲಿ.

ಸೊಂಟದ ಕೆಳಗಿನ ಕೀಲುಗಳ ಸ್ಥಾನವನ್ನು ಚಿಕಿತ್ಸೆಗೆ ಮೊದಲು ಮತ್ತು ನಂತರ ಸೂಕ್ಷ್ಮವಾಗಿ ಅಳೆದು ನೋಡಿದಾಗಲೂ ಮೂಳೆ ಸರಿದದ್ದು ಕಾಣಲಿಲ್ಲ. ಚಿಕಿತ್ಸೆ ಮಾಡಿದವರಿಗೆ ಮಾತ್ರ ಸರಿಹೋಯಿತು ಎಂದೇ ಅನ್ನಿಸಿತ್ತು.

ಮತ್ತೆ ಆರಾಮ ಎನ್ನಿಸುವುದೇಕೆ? ಆ ತಟ್ಟನೆಯ ಹಿಗ್ಗಿನಿಂದ ಕೀಲಿನ ಪೊರೆ ಮತ್ತು ಸ್ನಾಯುಗಳಲ್ಲಿರುವ ಸಂವೇದಿ ನರಗಳು ಒಟ್ಟಿಗೆ ಸಂದೇಶ ಕಳಿಸುತ್ತವೆ. ಆ ಗದ್ದಲದಲ್ಲಿ ನೋವಿನ ಸಂದೇಶ ಬೆನ್ನುಹುರಿಯ ಬಾಗಿಲಲ್ಲೇ ಮಂಕಾಗುತ್ತದೆ. ಬಾಗಿಲಿಗೆ ಕೈ ಸಿಕ್ಕಾಗ ನಾವು ಉಜ್ಜಿಕೊಳ್ಳುವುದೂ ಇದೇ ಉಪಾಯ. ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ತಿರುಗಾಟಕ್ಕೆ ಸ್ವಲ್ಪ ಜಾಗ ಸಿಗುತ್ತದೆ. ಪಳಗಿದ ಕೈಯ ಸ್ಪರ್ಶ, ‘ಏನೂ ಆಗುವುದಿಲ್ಲ, ಬಗ್ಗಿ ನೋಡಿ’ ಎಂಬ ಧೈರ್ಯದ ಮಾತು, ಇವುಗಳ ಪಾಲನ್ನೂ ಕಡೆಗಣಿಸುವಂತಿಲ್ಲ. ಈ ಹಗುರ ಕೆಲವು ಗಂಟೆ, ಕೆಲವು ದಿನ ಇರಬಹುದು. ನನ್ನ ಮಟ್ಟಿಗೆ ಅದರ ಬೆಲೆ ಇರುವುದು ಇಲ್ಲಿ: ಅಷ್ಟರೊಳಗೆ ಎದ್ದು ನಡೆಯಲು, ವ್ಯಾಯಾಮ ಶುರುಮಾಡಲು ಆಯಿತಲ್ಲ.

ಸವೆತ ಹೆಚ್ಚಿರುವವರಿಗೆ, ವಯಸ್ಸಾದವರಿಗೆ ಎಲ್ಲರೂ ‘ಲಟಕ್’ ಮಾಡುವುದಿಲ್ಲ. ಮೆಲ್ಲಗೆ ತೂಗಿದಂತೆ ಕೀಲನ್ನು ಆಡಿಸುವುದು, ನಡುವೆ ಮಡಚುವ ಮೇಜಿನ ಮೇಲೆ ಬೋರಲು ಮಲಗಿಸಿ ಸೊಂಟವನ್ನು ಬಾಗಿಸುತ್ತಾ ಹಿಗ್ಗಿಸುವುದು ಮುಂತಾದ ಮೃದು ಕ್ರಮಗಳಿವೆ.

ಎಷ್ಟು ಉಪಯೋಗ, ಎಷ್ಟು ಅಪಾಯ

ಹೊಸದಾಗಿ ಬಂದ ಸೊಂಟನೋವಿಗೆ ಈ ಕೈಚಿಕಿತ್ಸೆ ಕೊಟ್ಟು ನೋಡಿದ 26 ಪ್ರಯೋಗಗಳನ್ನು 2017ರಲ್ಲಿ ಪರಿಶೀಲಿಸಿದರು: ಆರು ವಾರದೊಳಗೆ ನೋವಿನ ನೂರು ಅಂಕಗಳ ಅಳತೆಯಲ್ಲಿ ಸುಮಾರು ಹತ್ತು ಅಂಕ ಇಳಿಕೆ. ಹಳೆಯ ನೋವಿನ ಮೇಲೆ 2019ರಲ್ಲಿ ಬಂದ, 47 ಪ್ರಯೋಗಗಳ 9,211 ಜನರ ಲೆಕ್ಕ ಹೇಳಿದ್ದು, ವ್ಯಾಯಾಮದಂಥ ಶಿಫಾರಸು ಮಾಡಿದ ಚಿಕಿತ್ಸೆಗಳಷ್ಟೇ ಇದೂ ಫಲ ಕೊಡುತ್ತದೆ ಎಂದು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆ, ಮಸಾಜ್ ಜೊತೆಗೆ ಬೆನ್ನಿನ ಕೈಚಿಕಿತ್ಸೆಗೂ ಜಾಗವಿದೆ. ಸೊಂಟದ ಬೆಲ್ಟು ಮತ್ತು ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ ಎಂದಿದೆ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಒಂದು ಷರತ್ತು ಹಾಕಿತ್ತು: ಕೈಚಿಕಿತ್ಸೆ ಒಂದನ್ನೇ ಕೊಡಬೇಡಿ, ವ್ಯಾಯಾಮದ ಜೊತೆಗೆ ಕೊಡಿ.

ಒಂದು ಸೂಕ್ಷ್ಮ ಇಲ್ಲಿದೆ. ಈ ಪ್ರಯೋಗಗಳಲ್ಲಿ ಹೆಚ್ಚಿನವು ಇಂಥದ್ದೇ ಕಾರಣ ಎಂದು ಹೇಳಲಾಗದ ಸಾಮಾನ್ಯ ಸೊಂಟನೋವಿನ ಮೇಲೆ ನಡೆದವು, ಸವೆತದ ಮೇಲಲ್ಲ. ಬಿಗಿತ, ಫ್ಯಾಸೆಟ್ ಬಗೆಯ ನೋವು ಇರುವವರಿಗೆ ಉಪಯೋಗವಾಗುವ ಸಂಭವ ಹೆಚ್ಚು ಎಂದು ಇಷ್ಟರ ಮೇಲೆ ಊಹಿಸಬಹುದು. ಕೈಯಿಂದ ಒತ್ತಿ ಮೂಳೆಮುಳ್ಳು ಕರಗಿಸುತ್ತೇವೆ, ಡಿಸ್ಕ್ ಒಳಗೆ ತಳ್ಳುತ್ತೇವೆ ಎನ್ನುವವರನ್ನು ನಂಬಬೇಡಿ.

ಚಿಕಿತ್ಸೆಯಾದ ಮೇಲೆ ಒಂದೆರಡು ದಿನ ಬೆನ್ನು ನೋಯುವುದು, ಬಿಗಿಯುವುದು ಬಹಳ ಸಾಮಾನ್ಯ; ಅರ್ಧದಷ್ಟು ಜನಕ್ಕೆ ಆಗುತ್ತದೆ. ಗಂಭೀರ ಅಪಾಯ ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದ ಬಳಿಕ ಅಲ್ಲಿನ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯುವಾದ ಪ್ರಕರಣಗಳಿವೆ. ಅದು ತಿರುಗಿಸಿದ್ದರಿಂದಲೇ ಆಯಿತೋ, ಮೊದಲೇ ಸೀಳಿದ ನಾಳದ ನೋವಿಗೇ ಅವರು ಚಿಕಿತ್ಸೆಗೆ ಹೋಗಿದ್ದರೋ ಎಂಬ ವಾದ ಇನ್ನೂ ನಿಂತಿಲ್ಲ. ನಾನಾದರೆ ಕುತ್ತಿಗೆಗೆ ಮೃದು ಕ್ರಮವನ್ನೇ ಕೇಳುತ್ತೇನೆ.

ಮೂಳೆ ಟೊಳ್ಳಾಗಿರುವವರು, ಬಿದ್ದು ಮೂಳೆ ಮುರಿದಿರುವ ಅನುಮಾನ ಇರುವವರು, ಕ್ಯಾನ್ಸರ್ ಅಥವಾ ಬೆನ್ನಿನ ಸೋಂಕು ಇರುವವರು, ರೂಮಟಾಯ್ಡ್ ಸಂಧಿವಾತದಿಂದ ಕುತ್ತಿಗೆ ಸಡಿಲಾದವರು ರಭಸದ ಚಿಕಿತ್ಸೆಗೆ ಮೈಯೊಡ್ಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶಜ್ಞಾನ ಹೋದರೆ, ಎರಡೂ ಕಾಲು ಸೋಲತೊಡಗಿದರೆ ಕೈರೋಪ್ರಾಕ್ಟರ್ ಅಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಯ ತುರ್ತು ವಿಭಾಗ. ಅಲ್ಲಿ ಗಂಟೆಗಳ ಲೆಕ್ಕ.

ಹೋಗುವುದೇ ಆದರೆ ಮೊದಲ ದಿನ ಅವರು ನಿಮ್ಮನ್ನು ಎಷ್ಟು ಹೊತ್ತು ಕೇಳಿದರು, ಮುಟ್ಟಿ ಪರೀಕ್ಷಿಸಿದರು, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡಿದರೇ, ಕಾಲಿನ ಹೆಬ್ಬೆರಳ ಬಲ ನೋಡಿದರೇ ಗಮನಿಸಿ. ಬಾಗಿಲಲ್ಲೇ ಎಕ್ಸ್-ರೇ ಬರೆದು, ನಲವತ್ತು ಭೇಟಿಗೆ ಮುಂಗಡ ಕಟ್ಟಿಸಿಕೊಳ್ಳುವವರಿಂದ ದೂರವಿರಿ. ನಾಲ್ಕರಿಂದ ಆರು ಭೇಟಿ, ಜೊತೆಗೆ ದಿನವೂ ಮನೆಯಲ್ಲಿ ಮಾಡುವ ಎರಡು ಮೂರು ವ್ಯಾಯಾಮ. ಅಷ್ಟರಲ್ಲಿ ಗೊತ್ತಾಗುತ್ತದೆ. ಆದರೆ ಗೊತ್ತಾಗುವುದು ಎಕ್ಸ್-ರೇಯಿಂದಲ್ಲ. ಅದು ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ಹೋದ ವಾರ ಕುರ್ಚಿ ಹಿಡಿದು ಹಾಕಿಕೊಳ್ಳುತ್ತಿದ್ದ ಕಾಲುಚೀಲವನ್ನು ಈ ವಾರ ನಿಂತೇ ಹಾಕಿಕೊಳ್ಳಲು ಆಯಿತೇ, ಹತ್ತು ನಿಮಿಷದ ನಡಿಗೆ ಇಪ್ಪತ್ತಕ್ಕೆ ಏರಿತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆರನೆಯ ಭೇಟಿಗೆ ಆ ಹಾಳೆಯನ್ನು ಒಯ್ದು ಅವರಿಗೇ ತೋರಿಸಿ.